ಕೈ ಎದ್ದರೆ ಮಾತು ನಿಲ್ಲಬೇಕು

ಆಗಸ್ಟ್ ೪, ಸಂಜೆ

ಮತ್ತೆ ಒಂಬತ್ತನೇ ಕ್ಲಾಸು, ಕೊನೆಯ ಪೀರಿಯಡ್. ಪಾಠ: ವಾಕ್ ಸ್ವಾತಂತ್ರ್ಯ ಮತ್ತು ಅದರ ಮಿತಿ. ವ್ಯಾಖ್ಯೆ ಓದಿದೆ. ಆಕಳಿಕೆ. ಪುಸ್ತಕ ಮುಚ್ಚಿ ಒಂದು ಆಟ ಹೇಳಿಕೊಟ್ಟೆ. ಯಾರು ಏನು ಬೇಕಾದರೂ ಮಾತಾಡಬಹುದು. ಕೇಳಿ ನೋವಾದವರು ಕೈ ಎತ್ತಬೇಕು. ಕೈ ಎದ್ದರೆ ಮಾತು ಅಲ್ಲಿಗೇ ನಿಲ್ಲಬೇಕು.

"ನಿಮ್ಗೂ ಅದೇ ರೂಲಾ ಮಿಸ್?" ಮುಂದಿನ ಬೆಂಚಿನ ಕನ್ನಡಕದ ಹುಡುಗಿ.

ನನಗೂ ಎಂದೆ.

ಆಗಸ್ಟ್ ೬

ಚೆನ್ನಾಗಿ ನಡೆಯುತ್ತಿದೆ. 'ಡುಮ್ಮಿ' ಎನ್ನುವ ಮಾತೇ ಕ್ಲಾಸಿನಿಂದ ಹೋಯಿತು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು: "ಒಂದು ಕಾಲಕ್ಕೆ ಮಕ್ಕಳ ಮೇಲೆ ನಾವು ಕೈ ಎತ್ತುತ್ತಿದ್ವಿ. ಈಗ ಅವರ ಸರದಿ ಬಂತು ನೋಡಿ." ನಕ್ಕೆವು.

ಆಗಸ್ಟ್ ೮, ಶುಕ್ರವಾರ

ಉದ್ದಜಡೆಯ ಹುಡುಗಿ ಎದ್ದು ನಿಂತಳು. ಇದುವರೆಗೆ ಒಮ್ಮೆಯೂ ಕೈ ಎತ್ತದವಳು.

"ಮಿಸ್, ಈ ಆಟ ಸರಿಯಿಲ್ಲ. ಕೇಳೋಕೆ ನೋವಾಗೋದೆಲ್ಲಾ ತಪ್ಪು ಮಾತು ಅಂತ..."

ಅಷ್ಟೂ ಕೈಗಳು ಎದ್ದವು. ಅವಳು ನನ್ನ ಮುಖ ನೋಡಿದಳು. ರೂಲು ರೂಲೇ, ಕೂತ್ಕೋ ಎಂದೆ.

ಆಗಸ್ಟ್ ೧೧

ಉದ್ದಜಡೆ ಶುಕ್ರವಾರದಿಂದ ಮನೆ ಸೇರಿಲ್ಲ. ಅವಳಪ್ಪ ಬೆಳಗ್ಗೆ ಗೇಟಿನ ಬಳಿ ನಿಂತಿದ್ದರು, ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ.

ಹಾಜರಿ ಕೂಗಿದೆ. ಅವಳ ಹೆಸರಿಗೆ ಇಡೀ ಕ್ಲಾಸು ಕೈ ಎತ್ತಿತು. ಯಾರೂ ನಗಲಿಲ್ಲ. ಮುಂದಿನ ಹೆಸರಿಗೆ ಹೋದೆ.

ಆಗಸ್ಟ್ ೧೨

ಅವಳ ಪಕ್ಕ ಕೂರುವ ಗುಬ್ಬಿ ಇವತ್ತು ಎದ್ದಳು. "ಮಿಸ್, ಅವ್ಳು ಎಲ್ಲಿದ್ದಾಳೆ ಅಂತ ನನ್ಗೆ..."

ಕೈಗಳು. ಸದ್ದಿಲ್ಲದೆ, ಒಟ್ಟಿಗೆ.

"ಆಟ ಮುಗೀತು. ಕೈ ಇಳಿಸಿ."

"ನೋವು ಮುಗಿದಿಲ್ಲ ಮಿಸ್." ಕನ್ನಡಕದ ಹುಡುಗಿಯ ದನಿ ತಣ್ಣಗಿತ್ತು. ಗಂಟೆ ಹೊಡೆದರೂ ಇಳಿಸಲಿಲ್ಲ. ಆಮೇಲೆ ಗುಬ್ಬಿಯನ್ನು ನಡುವೆ ಹಾಕಿಕೊಂಡು ಸಾಲಾಗಿ ಹೊರಟರು.

ಹೆಡ್ ಮಿಸ್ ಬಳಿ ಓಡಿದೆ. ಆ ಹುಡುಗಿಗೆ ಗೊತ್ತು ಎಂದು ಶುರುಮಾಡಿದೆ. ಅವರು ಫೈಲಿನಿಂದ ಕಣ್ಣು ತೆಗೆಯದೆ ಒಂದು ಕೈ ಎತ್ತಿದರು.

ನನ್ನ ಮಾತು ಅಲ್ಲಿಗೇ ನಿಂತಿತು. ನಿಲ್ಲಬೇಕಿರಲಿಲ್ಲ. ನಿಂತಿತು.

ಆಗಸ್ಟ್ ೧೪

"ಪೊಲೀಸರೂ ಕೈ ಎತ್ತಿದರಂತೆ." ಊಟಕ್ಕೆ ಕೂತಾಗ ಯಜಮಾನರು ಹೇಳಿದರು.

"ಎತ್ತಿದರು ಅಂದ್ರೆ?"

"ಸೋತರು ಅಂತ ಕಣೆ. ಕನ್ನಡ ಮರೆತುಹೋಯ್ತಾ?"

ಗುಬ್ಬಿಯ ವಿಷಯ ಹೇಳಹೊರಟೆ. ಎದುರಿಗಿದ್ದ ಅತ್ತೆಯ ಕೈ ಎದ್ದಿತು. ಸಾಕು, ಬಡಿಸಬೇಡ ಎಂದಿರಬಹುದು. ನನ್ನ ಮಾತು ಮತ್ತೆ ನಿಂತಿತು.

ಆಗಸ್ಟ್ ೧೬, ಶನಿವಾರ ಮಧ್ಯಾಹ್ನ

ಗುಬ್ಬಿ ಬಂದಿದ್ದಾಳೆ. ಹಿತ್ತಲ ಗೋಡೆ ಹಾರಿ, ಒಬ್ಬಳೇ. ಮನೆಯಲ್ಲಿ ನಾವಿಬ್ಬರೇ. ಬಾಗಿಲು ಹಾಕಿದೆ.

"ಇಲ್ಲಿ ಯಾರೂ ತಡೆಯಲ್ಲ ಪುಟ್ಟಿ. ಹೇಳು."

"'ನನ್ ಮಾತು ಯಾರಿಗೂ ಬೇಡ' ಅಂತ ಅವ್ಳು ಒಳಗೆ ಹೋಗಿ ಕೂತ್ಳು ಮಿಸ್. ಬಾಗಿಲು ಹಾಕ್ಕೊಂಡ್ಬಿಡ್ತು. ಒಳಗಿಂದ ತೆಗೆಯೋಕಾಗಲ್ಲ, ಹೊರಗಿಂದ ನನ್ ಕೈಲೂ ಆಗ್ಲಿಲ್ಲ. ಯಾರಿಗೆ ಹೇಳೋಕೆ ಹೋದ್ರೂ ಕೈ ಎತ್ತಿದ್ರು. ಕಿಟಕಿ ಸಂದೀಲಿ ನೀರು ಕೊಡ್ತಿದ್ದೆ. ಮಂಗಳವಾರದಿಂದ ಕ್ಲಾಸಿನವ್ರು ನನ್ನ ಅತ್ತ ಹೋಗೋಕೇ ಬಿಟ್ಟಿಲ್ಲ."

"ಎಲ್ಲಿ?"

ಬಾಯಿ ತೆರೆದವಳು ನಿಲ್ಲಿಸಿದಳು. ನನ್ನನ್ನಲ್ಲ, ನನ್ನ ತಲೆಯ ಮೇಲ್ಗಡೆ ನೋಡುತ್ತಿದ್ದಳು.

ನನ್ನ ಬಲಗೈ ಎದ್ದಿತ್ತು.

ನಾನು ಎತ್ತಿದ್ದಲ್ಲ. ಇಳಿಸಲು ನೋಡಿದೆ, ಆಗಲಿಲ್ಲ. ಎಡಗೈಯಲ್ಲಿ ಎಳೆದು ಮೇಜಿಗೆ ಒತ್ತಿ, ಬೆರಳಿಗೆ ಪೆನ್ನು ಸಿಕ್ಕಿಸಿದ್ದೇನೆ. ಬರೆಯುತ್ತಿರುವಷ್ಟು ಹೊತ್ತು ಕೆಳಗಿರುತ್ತದೆ, ಅದಕ್ಕೇ ಇಷ್ಟೆಲ್ಲ ಬರೆದೆ. ಗುಬ್ಬಿಗೆ ಕಣ್ಣು ಮುಚ್ಚಿಕೊಂಡು ಹೇಳು ಎಂದಿದ್ದೇನೆ. ಅವಳು ಹೇಳಿದಂತೆ ಬರೆದುಕೊಳ್ಳುತ್ತೇನೆ. ಹೇಳುತ್ತಿದ್ದಾಳೆ. ಉದ್ದಜಡೆ ಇರುವುದು ಹಳೇ