ನಲವತ್ತೆರಡನೆಯ ಪುಟದ ಡುರಿಯನ್

ಅಂಬಟೆಬೈಲು ಮಾಡುಪೇಟೆ,
ಕ್ರಿ.ಶ. ೨೧೭೧, ಉರಿ ತಿಂಗಳ ಒಂಬತ್ತನೆಯ ದಿನ

ಶ್ರೀ ದೂಮಪ್ಪ ಮಾಸ್ಟ್ರಿಗೆ ಲೀಲಾಕ್ಷಿಯ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಉರಿ ಎಂಬ ತಿಂಗಳಿಲ್ಲ ಎಂದು ನನಗೆ ಗೊತ್ತು. ಮೇ ಮುಗಿದರೂ ಮಳೆಯ ಸುಳಿವಿಲ್ಲದ ವರ್ಷಗಳು ಒಂದರ ಹಿಂದೆ ಒಂದು ಬಂದಾಗ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು ಹದಿಮೂರನೆಯದೊಂದನ್ನು ಮಾಡಿದರು. ನನ್ನ ಮಾತುಗಳಲ್ಲಿ ಇನ್ನೂ ಕೆಲವು ನಿಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಕ್ಷಮೆ ಇರಲಿ. ಆದರೆ ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಇದೊಂದೇ ವಿಷಯಕ್ಕೆ. ಉಳಿದದ್ದಕ್ಕೆಲ್ಲ ಕೇಳಬೇಕಾದವರು ನೀವು.

ನಾನು ನಿಮ್ಮ ವಂಶದ ಆರನೆಯ ತಲೆಮಾರಿನವಳು. ಲೆಕ್ಕಕ್ಕೆ ನೀವು ನನಗೆ ಅಜ್ಜನ ಅಜ್ಜನಿಗೂ ಮೇಲಿನವರು. ಅಜ್ಜ ಎಂದೇ ಕರೆಯಬೇಕಿತ್ತು. ಈಗಿನ ಸಿಟ್ಟಿನಲ್ಲಿ ಬಾಯಿಗೆ ಆ ಶಬ್ದ ಬರುತ್ತಿಲ್ಲ. ನೀವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಂತೆ. ಹಾಗಾಗಿ ಮಾಸ್ಟ್ರೇ ಎನ್ನುತ್ತೇನೆ. ಮಕ್ಕಳ ತಪ್ಪಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದವರಿಗೆ ತಮ್ಮ ತಪ್ಪಿಗೂ ಒಂದು ಗೆರೆ ಎಳೆಯುವುದು ಕಷ್ಟವಾಗಬಾರದು.

ಇದು ಹಿಂದೋಲೆ. ಹಿಂದಿನ ಕಾಲಕ್ಕೆ ಹೋಗುವ ಕಾಗದವನ್ನು ನಾವು ಹಾಗೆ ಕರೆಯುತ್ತೇವೆ. ಅರವತ್ತು ತುಂಬಿದವರಿಗೆ ಜೀವಮಾನದಲ್ಲಿ ಒಂದೇ ಒಂದು ಓಲೆ ಕಳಿಸುವ ಅವಕಾಶ. ಯಾರು ನೆಟ್ಟ ಗಿಡ ಇಂದಿಗೂ ಬದುಕಿದೆಯೋ ಅವರಿಗೆ ಮಾತ್ರ ಅದು ಮುಟ್ಟುತ್ತದೆ. ಮುಟ್ಟಿದ ಮೇಲೆ ನಮ್ಮ ಕಾಲ ಬದಲಾಗುತ್ತದೆಯೋ ಇಲ್ಲವೋ ಓಲೆಕಚೇರಿಯವರಿಗೂ ಗೊತ್ತಿಲ್ಲ, ಕೇಳಿದರೆ ಗೊತ್ತಿಲ್ಲ ಎಂದೇ ಹೇಳುತ್ತಾರೆ. ಆ ಮಟ್ಟಿಗೆ ಅವರು ನಿಮಗಿಂತ ಪ್ರಾಮಾಣಿಕರು. ನೆರೆಮನೆಯ ಗುಲಾಬಿಯಕ್ಕ ತನ್ನ ಓಲೆಯನ್ನು ಹುಣಸೆಮರ ನೆಟ್ಟ ಯಾರೋ ಹಿರಿಯರಿಗೆ ಬರೆದು, ಬಾವಿಯನ್ನು ಇನ್ನೂ ಎರಡು ಕೋಲು ಆಳ ತೋಡಿಸಿ ಎಂದು ಕೇಳಿಕೊಂಡಳು. ನಾನು ಯಾತಕ್ಕೆ ಬರೆಯುತ್ತಿದ್ದೇನೆ ಎಂದು ತಿಳಿದಾಗ ಅವಳು ತಲೆ ಚಚ್ಚಿಕೊಂಡಳು. "ಒಂದು ಹಣ್ಣಿನ ಜಗಳಕ್ಕೆ ಓಲೆ ಹಾಳು ಮಾಡ್ತಿಯಲ್ಲ ಮಾರಾಯ್ತಿ, ನಿಂಗೆ ತಲೆ ಸಮ ಉಂಟಾ?"

ಉಂಟು. ತಲೆ ಸಮ ಇರುವುದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ನೋಟ್‌ಬುಕ್ ನಮ್ಮಲ್ಲಿದೆ. ಹಸಿರು ರಟ್ಟಿನದು, ಮೇಲೆ "ಹಣ್ಣುಗಳು: ಅನುಭವದಿಂದ ಬರೆದದ್ದು" ಎಂದು ದುಂಡಗಿನ ಅಕ್ಷರ. ರಂಬುಟಾನಿಗೆ ಎರಡು ಪುಟ ಬರೆದಿದ್ದೀರಿ. ಮ್ಯಾಂಗೋಸ್ಟೀನಿಗೆ ಮೂರು. ಪುನರ್ಪುಳಿಯ ಸಿಪ್ಪೆ ಒಣಗಿಸುವುದರ ಬಗ್ಗೆ ಬರೆದದ್ದನ್ನು ಓದಿದರೆ ಇಂದಿಗೂ ಬಾಯಲ್ಲಿ ನೀರೂರುತ್ತದೆ. ಎಲ್ಲ ಸರಿಯಾಗಿದೆ. ಒಂದಕ್ಷರ ತಪ್ಪಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಆ ಪುಸ್ತಕ ಹೇಳಿದ್ದೇ ವೇದವಾಯಿತು. ಇನ್ನು ನಲವತ್ತೆರಡನೆಯ ಪುಟ. ನೀವು ಮರೆತಿದ್ದರೆ ನೆನಪಿಸುತ್ತೇನೆ, ನಾಲ್ಕೇ ಸಾಲು:

"ಡುರಿಯನ್. ಹಲಸಿನ ಹಾಗೆಯೇ ಮುಳ್ಳು. ಬಲಿತಾಗ ಬಡಿದು ನೋಡಿ, ಹಲಸಿನಂತೆ ದೋಟಿಯಿಂದ ಕೊಯ್ಯುವುದು. ತಾನಾಗಿ ಬಿದ್ದದ್ದು ಕೊಳೆತಿರುತ್ತದೆ, ವಾಸನೆಯಿಂದ ತಿಳಿಯುತ್ತದೆ. ದೂರ ಒಯ್ದು ಹೂಳುವುದು."

ಅನುಭವದಿಂದ ಬರೆದದ್ದಂತೆ! ಯಾರ ಅನುಭವ ಮಾಸ್ಟ್ರೇ?

ನಮ್ಮ ಬದುಕನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆ ನಾಲ್ಕು ಸಾಲು ನಮ್ಮನ್ನು ಹೇಗೆ ಹಾಳು ಮಾಡಿತೆಂದು ನಿಮಗೆ ಅರ್ಥವಾಗುವುದಿಲ್ಲ. ನಾವು ಇರುವುದು ಮಾಡುಪೇಟೆಯಲ್ಲಿ. ಹೊರಗಿನ ಬಿಸಿಲು ತಾಳಲಾರದೆ ಹನ್ನೆರಡು ಬೀದಿಗಳಿಗೂ ಛಾವಣಿಯಂತೆ ಒಂದೇ ಮಾಡು ಹೊದಿಸಿದ್ದಾರೆ. ಎಂಟು ಸಾವಿರ ಜನರಿಗೆ ಒಂದೇ ಗಾಳಿ, ಅದನ್ನೇ ತೊಳೆದು ತೊಳೆದು ಉಸಿರಾಡುತ್ತೇವೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಹನ್ನೆರಡು ಬೀದಿಗೆ ಸೀನು. ಆದ್ದರಿಂದ ವಾಸನೆಗೆ ಪಾಳಿ ಇದೆ. ನಮ್ಮ ಬೀದಿಗೆ ಗುರುವಾರ. ಮೀನು ಹುರಿಯುವುದಿದ್ದರೂ ಇಂಗು ಹಾಕುವುದಿದ್ದರೂ ಅಂದೇ ಮುಗಿಸಬೇಕು. ಬೇರೆ ದಿನ ಯಾರ ಮನೆಯಿಂದಾದರೂ ಏನಾದರೂ ಹೊರಟರೆ ಮೂಗುಕಾವಲಿನವರು ಬಂದು ಬಾಗಿಲು ತಟ್ಟುತ್ತಾರೆ. ಹೀಗೆ ಬೆಳೆದವರಿಗೆ ಜೋರಾದ ವಾಸನೆ ಎಂದರೆ ಒಂದೇ ಅರ್ಥ, ಏನೋ ಕೆಟ್ಟಿದೆ. ಅದರ ಮೇಲೆ ವಾಸನೆಯ ಬಗ್ಗೆ ನಿಮ್ಮ ಸಾಲು ಬೇರೆ.

ನಿಮ್ಮ ಕಾಲದ ಚಲಚಿತ್ರದ ತುಣುಕುಗಳು ನಮ್ಮ ಗ್ರಂಥಾಲಯದಲ್ಲಿ ರಾಶಿ ಬಿದ್ದಿವೆ. ಡುರಿಯನ್ ತಿನ್ನುವವರದೇ ಮುನ್ನೂರಕ್ಕೂ ಹೆಚ್ಚು ನೋಡಿದ್ದೇನೆ. ಎಲ್ಲರೂ ಮೂಗು ಹಿಡಿದುಕೊಂಡವರೇ. ಒಂದು ಚೂರು ನಾಲಗೆಗೆ ತಾಗಿಸಿ ಕಣ್ಣು ತಿರುಗಿಸಿ, ಪಕ್ಕದವನ ಬೆನ್ನಿಗೆ ಗುದ್ದಿ, ಹೋ ಎಂದು ನಕ್ಕು ಮುಗಿಸಿದವರು. ಎರಡನೆಯ ತುತ್ತು ತಿಂದವನು ಅವರಲ್ಲಿ ಒಬ್ಬನೂ ಇಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಹೊಟ್ಟೆ ತುಂಬ ತಿಂದವರು ನಿಮ್ಮ ಕಾಲದಲ್ಲಿ ಲಕ್ಷಾಂತರ ಇದ್ದಿರಬೇಕು, ಆದರೆ ಅವರ ಬಾಯಿ ತುಂಬಿತ್ತು, ಮಾತಾಡಲಿಲ್ಲ. ನಮಗೆ ಉಳಿದದ್ದು ಕತ್ತೆಗಳ ಸಾಕ್ಷಿ ಮಾತ್ರ.

ಈಗ ಯಮುನಕ್ಕನ ವಿಷಯ. ನನ್ನ ತಾಯಿಯ ಅಕ್ಕ, ನನ್ನನ್ನು ಸಾಕಿದವರು. ಅವರ ನಲವತ್ತನೆಯ ವಯಸ್ಸಿನಲ್ಲಿ ಮಾಡಿನ ಹೊರಗೆ, ಮುಳ್ಳುಕಂಟಿಯ ನಡುವೆ ನಿಮ್ಮ ಮರವನ್ನು ಹುಡುಕಿ ಹಿಡಿದರು. ಹೂ ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಡುರಿಯನ್ನಿನ ಹೂ ಬಿರಿಯುವುದು ಸಂಜೆ, ಅದಕ್ಕೆ ಬಾವಲಿ ಬರಬೇಕು. ಬಾವಲಿಗಳನ್ನು ನಿಮ್ಮ ಮಕ್ಕಳು ಮೊಮ್ಮಕ್ಕಳು ಯಾವುದೋ ಜ್ವರಕ್ಕೆ ಹೆದರಿ ಮರಮರಕ್ಕೂ ಹೊಗೆ ಹಾಕಿ ಓಡಿಸಿದ್ದರು. ಆ ಜಗಳ ಬೇರೆಯೇ ಇದೆ, ಅದಕ್ಕೆ ಇನ್ನೊಬ್ಬರು ಓಲೆ ಬರೆಯಲಿ. ಯಮುನಕ್ಕ ತೆಂಗಿನ ನಾರಿನ ಕುಂಚ ಕಟ್ಟಿಕೊಂಡು, ಏಣಿ ಹತ್ತಿ, ಒಂದು ಹೂವಿನ ಪರಾಗ ಇನ್ನೊಂದಕ್ಕೆ ಮುಟ್ಟಿಸಿದರು. ಒಂಬತ್ತು ವರ್ಷ ಒಂದೂ ಹಿಡಿಯಲಿಲ್ಲ. ಪೇಟೆಯವರು ಅವರಿಗೆ ಬಾವಲಿ ಯಮುನಕ್ಕ ಎಂದೇ ಹೆಸರಿಟ್ಟರು. ಸಂಜೆ ಏಣಿ ಹೊತ್ತುಕೊಂಡು ಹೊರಟರೆ "ಏನು ಬಾವಲಿಯಕ್ಕ, ಇವತ್ತು ತಲೆಕೆಳಗಾಗಿ ನೇತಾಡ್ಲಿಕ್ಕೆ ಉಂಟಾ?" ಎಂದು ಕೇಳುವರು. "ಬಾ, ನಿನ್ನನ್ನೂ ನೇತು ಹಾಕ್ತೇನೆ" ಎನ್ನುತ್ತ ಅವರು ಹೋಗುವರು. ಹತ್ತನೆಯ ವರ್ಷ ಐದು ಕಾಯಿ ನಿಂತಿತು.

ಆ ಐದನ್ನೂ ನಿಮ್ಮ ಪುಸ್ತಕದಂತೆ ಬಡಿದು ನೋಡಿ, ದೋಟಿ ಹಾಕಿ ಕೊಯ್ದೆವು. ಕತ್ತಿಯಿಂದ ಸೀಳಿದರೆ ಒಳಗೆ ಬಿಳಿಚಿದ ಗಟ್ಟಿ ತೊಳೆ. ಹಸಿಯಾಗಿ ಕಚ್ಚಿದರೆ ಹಸಿ ಕುಂಬಳದ ಹಾಗೆ. ಹಲಸಿನಂತೆ ಗೋಣಿ ಮುಚ್ಚಿ ನಾಲ್ಕು ದಿನ ಇಟ್ಟೆವು, ಬಾಡಿತೇ ಹೊರತು ಸಿಹಿಯಾಗಲಿಲ್ಲ. ಹಲಸು ಬಲ್ಲ ಜನ ನಾವು, ಸುಮ್ಮನೆ ಬಿಡುತ್ತೇವೆಯೇ? ಪಲ್ಯ ಮಾಡಿದೆವು. ಮರುವರ್ಷ ಹುಳಿ ಮಾಡಿದೆವು. ಆಮೇಲೆ ಹಪ್ಪಳ. ತೆಂಗಿನಕಾಯಿ, ಬೆಲ್ಲ ಎಲ್ಲ ಸುರಿದು ಪಾಯಸವನ್ನೂ ಮಾಡಿದೆವು, ಅದರಲ್ಲಿ ರುಚಿಯಿದ್ದದ್ದು ಬೆಲ್ಲಕ್ಕೆ. ಬಂದ ನೆಂಟರಿಗೆ ಹೆಮ್ಮೆಯಿಂದ ಬಡಿಸಿದೆವು. ಅವರು "ಒಳ್ಳೆದುಂಟು, ಒಳ್ಳೆದುಂಟು" ಎಂದು ನೀರು ಕುಡಿದರು. ದೋಟಿಗೆ ಎಟುಕದೆ ಉಳಿದ ಒಂದೆರಡು ಪ್ರತಿ ವರ್ಷ ತಾವಾಗಿ ಬೀಳುತ್ತಿದ್ದವು. ಯಮುನಕ್ಕ ಮೂಗಿಗೆ ಸೆರಗು ಕಟ್ಟಿ, ಅವುಗಳನ್ನು ಗುದ್ದಲಿಯಲ್ಲಿ ದೂಡಿಕೊಂಡು ಹೋಗಿ, ಹೊಂಡ ತೆಗೆದು ಹೂಳುತ್ತಿದ್ದರು.

ಮೂವತ್ತೆರಡು ವರ್ಷ, ಮಾಸ್ಟ್ರೇ. ಮೂವತ್ತೆರಡು ವರ್ಷ ನಾವು ಕಾಯಿಯನ್ನು ತಿಂದು ಹಣ್ಣನ್ನು ಹೂತೆವು.

ಕಳೆದ ವರ್ಷ ಮಳೆಗಾಲದಲ್ಲಿ ಯಮುನಕ್ಕ ಹಾಸಿಗೆ ಹಿಡಿದರು. ಎಂಬತ್ತೊಂದು ದಾಟಿತ್ತು. ಹೋಗುವ ಮೊದಲು ಡುರಿಯನ್ ತಿನ್ನಬೇಕು ಎಂದರು. ನಾನು ಓಡಿ ಹೋಗಿ ಕೆಳಗಿನ ಕೊಂಬೆಯಿಂದ ಒಂದನ್ನು ಕೊಯ್ದು ತಂದು, ಮೆತ್ತಗೆ ಬೇಯಿಸಿ, ಸಾಸಿವೆ ಒಗ್ಗರಣೆ ಹಾಕಿ, ಎರಡು ಚಮಚ ಬಾಯಿಗಿಟ್ಟೆ. ಅವರು ನಿಧಾನವಾಗಿ ಅಗಿದರು. ನುಂಗಿದರು. ಆಮೇಲೆ, ದೂರಿನ ಧ್ವನಿಯಲ್ಲಿ ಅಲ್ಲ, ನಿಜವಾಗಿಯೇ ತಿಳಿಯಬೇಕೆಂಬಂತೆ ಕೇಳಿದರು:

"ಇಷ್ಟೆಯಾ ಲೀಲಾ, ಇದು?"

ನಾನು ಅವರ ಬಾಯಿ ಒರೆಸಿ ತಟ್ಟೆ ಎತ್ತಿಕೊಂಡು ಹೋದೆ. ಮಾರನೆಯ ದಿನ ಬೆಳಿಗ್ಗೆ ಅವರು ತೀರಿಕೊಂಡರು.

ಹದಿಮೂರನೆಯ ದಿನ, ಸತ್ತವರಿಗೆ ಪ್ರಿಯವಾದದ್ದನ್ನು ಎಲೆಯಲ್ಲಿ ಬಡಿಸಿ ಹೊರಗೆ ಇಡುವ ಕ್ರಮ ನಮ್ಮಲ್ಲಿ ಇನ್ನೂ ಇದೆ. ಡುರಿಯನ್ ತರಲು ಮರದ ಹತ್ತಿರ ಹೋದೆ. ಕೊಂಬೆಯಲ್ಲಿ ಒಂದೂ ಉಳಿದಿರಲಿಲ್ಲ. ಕೊನೆಯದು ಕೆಳಗೆ ಬಿದ್ದು, ಹೊಟ್ಟೆ ಬಿರಿದು, ನಾರುತ್ತಿತ್ತು. ಅವರಿಗೆ ಒಂದು ತುತ್ತು ಇಡಲಿಕ್ಕೂ ಇಲ್ಲದಂತೆ ಮಾಡಿದೆಯಲ್ಲ ಎಂದು ಮರಕ್ಕೇ ಬೈದೆ. ಹೂಳಲೆಂದು ಹೊಂಡ ತೆಗೆದು, ಸಿಟ್ಟಿನಲ್ಲಿ ಗುದ್ದಲಿ ಬಿಟ್ಟು ಬರಿಗೈಯಲ್ಲಿ ಅದನ್ನು ಎತ್ತಲು ಹೋದೆ. ಮುಳ್ಳು ಹೆಬ್ಬೆರಳಿಗೆ ಹೊಕ್ಕಿತು. ರಕ್ತ ಬಂದ ಬೆರಳನ್ನು ಯಾರಾದರೂ ಏನು ಮಾಡುತ್ತಾರೆ? ಬಾಯಿಗಿಟ್ಟೆ. ಬೆರಳಿಗೆ ತೊಳೆ ಮೆತ್ತಿಕೊಂಡಿತ್ತು.

ಹೇಗೆ ಹೇಳಲಿ ನಿಮಗೆ! ಮೊದಲು ಅದು ಹಣ್ಣು ಎಂದು ಅನಿಸಲೇ ಇಲ್ಲ. ಕಾಯಿಹಾಲನ್ನು ಹಳ್ಳಿಯ ಬೆಲ್ಲದೊಡನೆ ಗಂಟೆಗಟ್ಟಲೆ ಕಾಯಿಸಿ, ತುಪ್ಪ ಬಿಟ್ಟು ತಿರುವಿ, ಇನ್ನೇನು ಇಳಿಸಬೇಕು ಎನ್ನುವಾಗ ಪಕ್ಕದ ಒಲೆಯ ಬೆಳ್ಳುಳ್ಳಿ ಒಗ್ಗರಣೆ ತಪ್ಪಿ ಅದಕ್ಕೇ ಬಿದ್ದರೆ, ಆ ತಪ್ಪೇ ಅಡುಗೆಯನ್ನು ಗೆಲ್ಲಿಸಿದರೆ, ಹಾಗೆ. ಸಿಹಿ ಬಂತು, ಅದರ ಬೆನ್ನಿಗೇ ಒಂದು ಕಹಿ ಬಂತು, ಕಹಿ ಹೋಗುವಾಗ ಇನ್ನಷ್ಟು ಬೇಕು ಎನ್ನುವ ಆಸೆ ಬಿಟ್ಟು ಹೋಯಿತು. ಹಲ್ಲಿಗೆ ಕೆಲಸವೇ ಇಲ್ಲ, ನಾಲಗೆ ಒತ್ತಿದರೆ ಕರಗುತ್ತದೆ. ಹೊಂಡದ ಪಕ್ಕ ಮಣ್ಣಿನಲ್ಲೇ ಕುಕ್ಕರಿಸಿ ಐದು ತೊಳೆ ತಿಂದೆ. ಬೀಜವನ್ನು ಚೀಪಿ ಚೀಪಿ ಬೆಣಚುಕಲ್ಲಿನಂತೆ ಮಾಡಿದೆ. ಮೈಯೆಲ್ಲ ಬೆಚ್ಚಗಾಯಿತು. ಬಾಯಾರಿ, ಖಾಲಿ ಸಿಪ್ಪೆಯ ಗುಳಿಯಲ್ಲಿ ನೀರು ಹೊಯ್ದು ಕುಡಿದೆ, ಆ ನೀರಿಗೂ ರುಚಿ ಬಂದಿತ್ತು. ಆಮೇಲೆ ಒಂದು ತೇಗು ಬಂತು, ಅದರಲ್ಲಿ ಇಡೀ ಊಟ ಇನ್ನೊಮ್ಮೆ ಆಯಿತು. ಹಸಿದು ಹಲಸು ತಿನ್ನು, ಉಂಡು ಮಾವು ತಿನ್ನು ಎನ್ನುತ್ತಾರಲ್ಲ, ಇದನ್ನು ಯಾವಾಗ ತಿನ್ನಬೇಕೆಂದು ನಮ್ಮ ಹಿರಿಯರು ಹೇಳಿಲ್ಲ. ನನ್ನನ್ನು ಕೇಳಿದರೆ, ಬೀಳುವಾಗೆಲ್ಲ. ನಾನು ಮೊದಲು ನಕ್ಕೆ. ಅಷ್ಟರಲ್ಲಿ "ಇಷ್ಟೆಯಾ" ಎಂಬ ಮಾತು ನೆನಪಾಯಿತು. ಬಾಯಲ್ಲಿ ಹಣ್ಣು ಇಟ್ಟುಕೊಂಡೇ ಬೊಬ್ಬೆ ಹೊಡೆದು ಅತ್ತೆ.

ಉಳಿದ ತೊಳೆಯನ್ನು ಅವರ ಎಲೆಗೆ ಬಡಿಸಿದೆ. ಬೇರೆ ವರ್ಷಗಳಲ್ಲಿ ತೀರಿದ ಹಿರಿಯರಿಗೆಂದು ನಮ್ಮ ಪಲ್ಯ ಹಾಕಿದ ಎಲೆಯ ಸುತ್ತ ತಿರುಗಿ ತಿರುಗಿ ಹಾರಿಹೋಗುತ್ತಿದ್ದ ಕಾಗೆ, ನಾನು ಕೈ ತೆಗೆಯುವ ಮೊದಲೇ ಬಂದು ಕೂತಿತು. ಕಾಗೆಗೆ ಗೊತ್ತಿತ್ತು. ಅದು ನಿಮ್ಮ ನೋಟ್‌ಬುಕ್ ಓದಿರಲಿಲ್ಲ.

ನನ್ನ ಬೆರಳಿನ ವಾಸನೆ ಮೂರು ದಿನ ಮಾಡುಪೇಟೆಯನ್ನೆಲ್ಲ ಎಬ್ಬಿಸಿತು. ಮೂಗುಕಾವಲಿನವರು ಬಂದು "ಎಂತ ಸತ್ತಿದೆ ಇಲ್ಲಿ?" ಎಂದು ಕೇಳಿದರು. ನಮ್ಮ ದೊಡ್ಡಮ್ಮ ಸತ್ತಿದ್ದಾರೆ ಎಂದೆ. ಕೈಮುಗಿದು ಹೋದರು.

ಈಗ ನೀವು ಹೇಳಿ. ಆ ಹಣ್ಣನ್ನು ಒಮ್ಮೆಯಾದರೂ ತಿಂದಿದ್ದಿರಾ? ಇಲ್ಲ. ತಿಂದವರು ಹಾಗೆ ಬರೆಯುವುದಿಲ್ಲ. ಬಿದ್ದ ಹಣ್ಣೊಂದು ನಾರಿತು, ಮನೆಯವರು ಬೈದರು, ನೀವು ಹೂತಿರಿ, ಹಲಸನ್ನು ನೋಡಿ ಡುರಿಯನ್ನಿಗೆ ಪಾಠ ಬರೆದಿರಿ. ಗೊತ್ತಿಲ್ಲ ಎಂದು ಬರೆಯಲು ಒಂದು ಸಾಲು ಸಾಕಿತ್ತು. ಯಮುನಕ್ಕ ಅಂಜುವವರಲ್ಲ. ಹೂವಿಗೆ ಕುಂಚ ಹಿಡಿದು ಒಂಬತ್ತು ವರ್ಷ ಸೋತವರು, ಹಣ್ಣಿಗೆ ಒಂದು ಬೆರಳು ಹಾಕಿ ನೋಡುತ್ತಿರಲಿಲ್ಲವೇ? ನೋಡಲಿಲ್ಲ, ಯಾಕೆಂದರೆ ಗೊತ್ತಿದ್ದವರು ಬರೆದಿದ್ದಾರೆ ಎಂದು ನಂಬಿದ್ದರು. ನೀವು ಹಣ್ಣನ್ನು ಹೂತದ್ದಕ್ಕೆ ನನಗೆ ಸಿಟ್ಟಿಲ್ಲ. ಅಕ್ಷರ ಅಷ್ಟು ದುಂಡಗೆ ಬರೆದದ್ದಕ್ಕೆ ಸಿಟ್ಟು.

ಇದನ್ನು ಮರದ ಬುಡದಿಂದ ಹತ್ತು ಹೆಜ್ಜೆ ದೂರ, ತಗಡಿನ ಕೆಳಗೆ ಕೂತು ಬರೆಯುತ್ತಿದ್ದೇನೆ. ಈ ವರ್ಷ ಹದಿನಾಲ್ಕು ನಿಂತಿವೆ. ದೋಟಿಯನ್ನು ನಾನೇ ಮುರಿದು ಒಲೆಗೆ ಹಾಕಿದೆ. ಬೈದು ಹೋಗಿದ್ದ ಗುಲಾಬಿಯಕ್ಕ ಈಗ ದಿನಾ ಸಂಜೆ ಬಂದು "ಬಿತ್ತಾ?" ಎಂದು ಕೇಳಿ, ಪಕ್ಕದಲ್ಲಿ ಕೂರುತ್ತಾಳೆ.

ನನ್ನ ಕೋರಿಕೆ ದೊಡ್ಡದಲ್ಲ. ನಿಮ್ಮ ಮರ ಈಗ ಎಷ್ಟೆತ್ತರ ಇದೆಯೋ ಗೊತ್ತಿಲ್ಲ. ಮುಂದಿನ ಸಲ ಕಾಯಿ ಬಿಟ್ಟಾಗ ಕೊಯ್ಯಬೇಡಿ. ಒಂದು ಕುರ್ಚಿ ಹಾಕಿಕೊಂಡು ದೂರ ಕೂರಿ. ಧಡ್ ಎಂದು ಬಿದ್ದದ್ದು ಕೇಳಿದ ಕೂಡಲೇ ಏಳಿ, ಮನೆಯವರು ಏನೇ ಅನ್ನಲಿ, ಬಿರುಕಿಗೆ ಹೆಬ್ಬೆರಳು ಹಾಕಿ ಬಿಡಿಸಿ, ಎರಡನೆಯ ತುತ್ತನ್ನೂ ತಿನ್ನಿ. ಕೈ ತೊಳೆಯುವ ಮೊದಲೇ ನಲವತ್ತೆರಡನೆಯ ಪುಟ ತೆಗೆದು ನಾಲ್ಕೂ ಸಾಲಿಗೆ ಗೆರೆ ಎಳೆಯಿರಿ. ಕೆಳಗೆ ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ, ಆಗ ನಿಮಗೇ ಗೊತ್ತಿರುತ್ತದೆ. ಬರೆದ ಪುಟದ ಮೇಲೆ ನಿಮ್ಮ ಬೆರಳಿನ ಕಲೆ ಬೀಳಲಿ, ಒರೆಸಬೇಡಿ.

ಮುಂದೊಂದು ದಿನ ನಲವತ್ತು ದಾಟಿದ ಹೆಂಗಸೊಬ್ಬರು ಏಣಿ ಹೊತ್ತುಕೊಂಡು ಆ ಪುಟವನ್ನು ಓದುತ್ತಾರೆ. ಅವರು ಸಾಯುವ ಮೊದಲು ಒಂದು ಪ್ರಶ್ನೆ ಕೇಳಿದರು ಅಜ್ಜ, ನನ್ನಿಂದ ಉತ್ತರ ಕೊಡಲಾಗಲಿಲ್ಲ. ನೀವು ಕೊಡಿ.

ಇಂತಿ,
ಲೀಲಾಕ್ಷಿ