ಒಳಗಿನ ಸ್ವೆಟರ್

೯ ಮೇ ೧೯೮೪, ಬುಧವಾರ

ಗುಂಜಿ ಊರಿನ ಮುದುಕಿ ಶಿವಲಿಂಗವ್ವನ ಹಲ್ಲು ಚಳಿಗೆ ಕಟಕಟ ಎಂದ ಸದ್ದು ಇನ್ನೂ ಕಿವಿಯಲ್ಲಿದೆ. ಹೊಟ್ಟೆಯ ಗಡ್ಡೆ ತೆಗೆಯಲು ಮೂರು ತಾಸು ಹಿಡಿಯಿತು. ಅರಿವಳಿಕೆ ಕೊಟ್ಟವಳು ನಾನು. ಮೈ ತಣ್ಣಗಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಗಾಯ ಕೀವಾಗುತ್ತದೆ ಎಂದು ನರ್ಸುಗಳಿಗೆ ಪಾಠ ಹೇಳುವವಳೂ ನಾನೇ.

ಆಪರೇಷನ್ ಥಿಯೇಟರಿಗೆ ಹೊಸ ಏಸಿ ಬಂದ ಮೇಲೆ ಸರ್ಜನ್ ಸಾಹೇಬರು ಬೆವರುವುದಿಲ್ಲ. ಅದನ್ನು ಸ್ವಲ್ಪ ಕಡಿಮೆ ಮಾಡಿ ಎನ್ನಲು ಇವತ್ತೂ ನನಗೆ ಬಾಯಿ ಬರಲಿಲ್ಲ.

ಹೊರಗೆ ತಂದಾಗ ಮುದುಕಿ ಮಂಚವೇ ಅಲುಗುವಂತೆ ನಡುಗುತ್ತಿದ್ದಳು. ಹೊಲಿಗೆ ಬಿಚ್ಚೀತೆಂದು ಹೆದರಿದೆ. ಆಯಾ ಶಾಹಜಾನಬಿ ಯಾರನ್ನೂ ಕೇಳದೆ ತನ್ನ ಮನೆಯ ಕೌದಿ ತಂದು ಹೊದಿಸಿದಳು. ಹೊರಗಿನ ಬಟ್ಟೆ ತರಬೇಡ ಎಂದು ಕಳೆದ ವಾರವಷ್ಟೇ ಅವಳನ್ನು ಬೈದಿದ್ದೆ.

"ಆಮ್ಯಾಲ ಬೈರಿ ಬಾಯಾರ. ಮೊದಲ ಆಕಿ ಬೆಚ್ಚಗಾಗ್ಲಿ."

ಅರ್ಧ ತಾಸಿಗೆ ನಡುಕ ನಿಂತಿತು. ಶಿವಲಿಂಗವ್ವ ಕಣ್ಣು ಬಿಟ್ಟು ನನ್ನ ಕೈ ಹಿಡಿದಳು. ನನ್ನ ಗೌನಿನ ತೋಳಿನೊಳಗಿನ ಉಣ್ಣೆ ಅವಳ ಬೆರಳಿಗೆ ಸಿಕ್ಕಿತು.

"ಇಷ್ಟ ಬ್ಯಾಸಗ್ಯಾಗ ಸ್ವೆಟರ್ ಯಾಕ ಹಾಕ್ಕೊಂಡೀರಿ ಬಾಯಾರ? ಮೈಯಾಗ ಆರಾಮ ಇಲ್ಲೇನ್ರೀ?"

ಏಸಿ ಬಂದ ಮರುದಿನವೇ ಕ್ಯಾಂಪ್ ಬಜಾರಿನ ಅಂಗಡಿಗೆ ಹೋಗಿ ಇದನ್ನು ಕೊಂಡಿದ್ದೆ. ನನಗೊಬ್ಬಳಿಗೆ.