ಸಾಕ್ಷಿ ಹನ್ನೊಂದಕ್ಕೆ ಸೋಫಾ, ಸಾಕ್ಷಿ ಹನ್ನೆರಡಕ್ಕೆ ಕಡತದ ಕಟ್ಟು

ಮಾನ್ಯ ಸಾಕ್ಷಿ ಸಂರಕ್ಷಣಾಧಿಕಾರಿಗಳೇ,

ನಿಮ್ಮ ನ್ಯಾಯಾಲಯದ ನೆಲಮಹಡಿಯಲ್ಲಿ, ಎರಡನೇ ಕೋರ್ಟ್ ಹಾಲಿನಿಂದ ಆರೇ ಹೆಜ್ಜೆ ದೂರದಲ್ಲಿ, ಮಕ್ಕಳ ಸಾಕ್ಷ್ಯಕ್ಕೆಂದೇ ಸಜ್ಜುಗೊಳಿಸಿದ ಕೊಠಡಿಯೊಂದಿದೆ. ಆ ಕೊಠಡಿಗೆ ಬೀಗ ಜಡಿದು, ಒಂಬತ್ತು ವರ್ಷದ ನನ್ನ ಮಗಳನ್ನು ನೀವು ಕೊಲೆ ಆರೋಪಿಯ ಕಣ್ಣೆದುರು ನಿಲ್ಲಿಸಿದಿರಿ. ಅದೇ ಕೊಲೆಯನ್ನು, ಅದೇ ಗಾಜಿನಾಚೆಯಿಂದ, ಅವಳ ಪಕ್ಕದಲ್ಲೇ ನಿಂತು ನೋಡಿದ ಇನ್ನೊಂದು ಮಗುವಿಗೆ ಎರಡು ದಿನ ಮುಂಚೆಯಷ್ಟೇ ಆ ಬೀಗ ತೆರೆದಿತ್ತು. ಇದು ನನ್ನ ದೂರು. ಇದರಲ್ಲಿ ನ್ಯಾಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು ಕಾಣುತ್ತದೆ ಎಂದು ತಮಗೆ ಅನ್ನಿಸಬಹುದು. ಅನ್ನಿಸಲಿ, ಅದು ಸುಳ್ಳೇನಲ್ಲ.

ಕಳೆದ ವಾರ ಪತ್ರಿಕೆಯಲ್ಲಿ ತಮ್ಮ ಚಿತ್ರ ನೋಡಿದೆ. ಮಾದರಿ ಕೊಠಡಿಗಾಗಿ ತಮಗೆ ಪ್ರಶಸ್ತಿ ಬಂದಿದೆಯಂತೆ. ಚಿತ್ರದಲ್ಲಿ ನೀಲಿ ಗೋಡೆ, ಸೋಫಾ, ಬಣ್ಣದ ಪೆನ್ಸಿಲ್ಲು, ಹೊಟ್ಟೆ ದಪ್ಪಗಿರುವ ಕರಡಿ ಗೊಂಬೆ ಎಲ್ಲವೂ ಇತ್ತು. ಮಗು ಮಾತ್ರ ಇರಲಿಲ್ಲ. ಪತ್ರಿಕೆಯನ್ನು ಮಗಳಿಗೆ ಕಾಣದಂತೆ ಮಡಚಿ ಕತ್ತರಿಸಿದ ಬಟ್ಟೆಗಳ ಕೆಳಗಿಟ್ಟೆ. ಹೌದು, ನಾನು ದರ್ಜಿ. ಶಾಲಾ ಸಮವಸ್ತ್ರ ಹೊಲಿಯುತ್ತೇನೆ, ಉದ್ದ ಗಿಡ್ಡ ಮಾಡಿಕೊಡುತ್ತೇನೆ, ಜಿಪ್ ಹಾಕಿಕೊಡುತ್ತೇನೆ. ಒಂದು ಷಟರಿನ ಅಂಗಡಿ, ಎರಡು ಹೊಲಿಗೆ ಯಂತ್ರ.

ಪ್ರಕರಣವನ್ನು ತಮಗೆ ನೆನಪಿಸಬೇಕಾಗಿಲ್ಲ. ಒಂದು ಕಾಲಕ್ಕೆ ದೇಶಕ್ಕೆಲ್ಲ ಗೊತ್ತಿದ್ದ ಈಜುಗಾರ್ತಿ, ಆಮೇಲೆ ಮಕ್ಕಳಿಗೆ ಈಜು ಕಲಿಸುತ್ತಿದ್ದವರು, ಈಜುಕೊಳದ ಪಕ್ಕದ ತಮ್ಮದೇ ಕಚೇರಿಯಲ್ಲಿ ಹತರಾದರು. ಆರೋಪಿ ಅವರ ಗಂಡ. ಒಂದು ವರ್ಷದಿಂದ ಯಾವ ಚಾನೆಲ್ ಹಾಕಿದರೂ ಅದೇ ಸುದ್ದಿ. ಆ ಸಂಜೆ ತರಗತಿ ಮುಗಿದ ಮೇಲೆ ಇಬ್ಬರು ಹುಡುಗಿಯರು ಉಳಿದಿದ್ದರು. ಒಬ್ಬಳು ನನ್ನ ಮಗಳು. ಅವಳ ಶಾಲೆಗೆ ಬಂದಿದ್ದ ಈ ಈಜು ಟೀಚರೇ ಇವಳ ಉದ್ದ ಕೈಕಾಲು ನೋಡಿ ಆರಿಸಿ ಕರೆದುಕೊಂಡಿದ್ದರು. ಇನ್ನೊಬ್ಬಳು ಹೆಸರಾಂತ ಹೃದ್ರೋಗ ತಜ್ಞರ ಮಗಳು. ಇಬ್ಬರೂ ಒಂದೇ ಬಾಚಣಿಗೆಯಲ್ಲಿ ಒದ್ದೆ ಕೂದಲು ಬಾಚಿಕೊಳ್ಳುತ್ತಿದ್ದಾಗ ಕಚೇರಿಯೊಳಗೆ ಮಾತು ಜೋರಾಯಿತು. ಮುಂದಿನದನ್ನು ಗಾಜಿನಾಚೆಯಿಂದ ಇಬ್ಬರೂ ನೋಡಿದರು. ನನ್ನವಳು ಓಡಿಹೋಗಿ ಕಾವಲುಗಾರನಿಗೆ ಹೇಳಿದಳು. ಡಾಕ್ಟರ ಮಗಳು ನಿಂತಲ್ಲೇ ನಿಂತುಬಿಟ್ಟಳು. ಪೊಲೀಸರು ಬಂದಾಗಲೂ ಬಾಚಣಿಗೆ ಅವಳ ಕೈಯಲ್ಲೇ ಇತ್ತಂತೆ.

ಡಾಕ್ಟರ ಮಗಳು ಸಾಕ್ಷಿ ಹನ್ನೊಂದಾದಳು, ನನ್ನವಳು ಹನ್ನೆರಡಾದಳು. ಸೋಮವಾರ ಹನ್ನೊಂದನೆಯ ಸಾಕ್ಷಿ ಹಿಂಬಾಗಿಲಿನಿಂದ ಕಾರಿನಲ್ಲಿ ಬಂದಳು. ನ್ಯಾಯಾಧೀಶರು ಕಪ್ಪು ನಿಲುವಂಗಿ ಕಳಚಿಟ್ಟು ಆ ಕೊಠಡಿಗೇ ಹೋಗಿ ಕೂತರು. ವಕೀಲರ ಪ್ರಶ್ನೆಗಳನ್ನು ಆಪ್ತ ಸಲಹೆಗಾರ್ತಿಯೊಬ್ಬರು ಮೆತ್ತಗೆ ಮಾಡಿ ಕೇಳಿದರು. ಆರೋಪಿ ಪರದೆಯ ಆಚೆಗಿದ್ದ. ಇಪ್ಪತ್ತು ನಿಮಿಷಕ್ಕೊಮ್ಮೆ ವಿರಾಮ. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಪತ್ರಿಕೆಗಳೇ ತಮ್ಮನ್ನು ಹೊಗಳಿ ಹೊಗಳಿ ಬರೆದಿದ್ದವು. ನಾನೂ ಓದಿ ನಿಟ್ಟುಸಿರು ಬಿಟ್ಟೆ. ನನ್ನ ಮಗಳಿಗೂ ಹೀಗೇ ಇರುತ್ತದೆ, ಹೆದರಬೇಡ, ಕರಡಿ ಗೊಂಬೆ ಇದೆಯಂತೆ ಎಂದು ಅವಳಿಗೂ ಹೇಳಿದೆ. ಆ ಮಾತು ಆಡಿದ್ದಕ್ಕೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಬುಧವಾರ ನಾವು ಎರಡು ಬಸ್ಸು ಬದಲಿಸಿ ಹತ್ತು ಗಂಟೆಗೆ ಮುಂಬಾಗಿಲಿಗೆ ಬಂದೆವು. ಮೂರೂಕಾಲು ಗಂಟೆಯವರೆಗೆ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಆರೋಪಿಯ ಅಕ್ಕ, ಭಾವ. ಆರೋಪಿಯನ್ನು ಒಳಗೆ ಕರೆದೊಯ್ಯುವಾಗ ಅವನ ಕಾಲು ನನ್ನ ಮಗಳ ಮೊಣಕಾಲಿಗೆ ತಾಗಿತು. ನಾನು ಎದ್ದು ಗುಮಾಸ್ತರ ಬಳಿ ಹೋಗಿ ಮಕ್ಕಳ ಕೊಠಡಿಯ ವಿಚಾರ ಕೇಳಿದೆ.

"ಅದಕ್ಕೆ ಮೊದಲೇ ಅರ್ಜಿ ಹಾಕ್ಬೇಕಿತ್ತಮ್ಮ," ಅಂದರು.

"ನಮಗೆ ಯಾರೂ ಹೇಳಲಿಲ್ಲವಲ್ಲ ಸಾರ್."

"ಗೊತ್ತಿರೋರು ಹಾಕ್ತಾರೆ."

ಈಗಲೇ ಬರೆದುಕೊಡುತ್ತೇನೆ ಅಂದೆ. ಅರ್ಜಿಯ ನಮೂನೆ ತಮ್ಮ ಕಪಾಟಿನಲ್ಲಿದೆ, ಕಪಾಟಿನ ಕೀ ತಮ್ಮ ಬಳಿ ಇದೆ, ತಾವು ಸಭೆಯಲ್ಲಿದ್ದೀರಿ ಎಂದು ತಿಳಿಯಿತು. ಯಾವ ಸಭೆ ಎಂದು ಕೇಳಿದೆ. ಸಾಕ್ಷಿಗಳ ಹಿತರಕ್ಷಣೆಯ ಬಗ್ಗೆ ಅಂದರು. ಹಿಂತಿರುಗಿ ಬರುವಷ್ಟರಲ್ಲಿ ಮಗಳು ಬೆಂಚು ಬಿಟ್ಟು ಆ ಕೊಠಡಿಯ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಒಳಗೆ ಯಾರೂ ಇರಲಿಲ್ಲ. "ಅಮ್ಮ, ಕರಡಿ ಅಲ್ಲೇ ಇದೆ," ಅಂದಳು.

ಕಟಕಟೆಯಲ್ಲಿ ನಿಲ್ಲಿಸಿದರೆ ಅವಳ ಹಣೆ ಮಾತ್ರ ಕಾಣುತ್ತಿತ್ತು. ಹಳೆಯ ಮೊಕದ್ದಮೆಗಳ ಕಡತದ ಎರಡು ಕಟ್ಟು ತಂದು ಕಾಲ ಕೆಳಗೆ ಇಟ್ಟರು. ಅವುಗಳ ಮೇಲೆ ನಿಂತು ಅವಳು ಒಂದೂವರೆ ಗಂಟೆ ಉತ್ತರ ಕೊಟ್ಟಳು. ಮನೆಯಲ್ಲಿ ಅವಳನ್ನು ನಾವು ಕರೆಯುವುದೇ ರೇಡಿಯೊ ಎಂದು. ಬಾಯಿ ಮುಚ್ಚಿದ್ದೇ ಅಪರೂಪ. ಈ ಅಡ್ಡಹೆಸರು ಆರೋಪಿಯ ವಕೀಲರಿಗೆ ಎಲ್ಲಿಂದ ಸಿಕ್ಕಿತೋ ಕಾಣೆ. "ರೇಡಿಯೊ ಅಂದ್ರೆ ನೀನೇ ಅಲ್ವಾ? ಕಥೆ ಕಟ್ಟೋದು ಅಂದ್ರೆ ಇಷ್ಟನಾ?" ಎಂದು ನಗುತ್ತಾ ಕೇಳಿದರು. ಹಾಲಿನಲ್ಲಿ ನಾಲ್ಕಾರು ಜನ ನಕ್ಕರು. ಆರೋಪಿಯೂ ನಕ್ಕ. ಅವಳು ಅವನನ್ನು ನೋಡುತ್ತಲೇ ಉಳಿದ ಪ್ರಶ್ನೆಗಳಿಗೆ ಉತ್ತರಿಸಿದಳು, ಒಂದನ್ನೂ ತಪ್ಪಿಸಲಿಲ್ಲ. ಅಂದು ಇನ್ನೂ ಒಂದು ಸಂಗತಿ ಆಯಿತು. ಅದನ್ನು ಬರೆಯಬೇಡ ಎಂದು ಮಗಳು ಹೇಳಿದ್ದಾಳೆ, ಬರೆಯುವುದಿಲ್ಲ. ಮಾರನೆಯ ದಿನ ಪತ್ರಿಕೆಗಳು ಅವಳನ್ನು ಧೀರೆ ಎಂದು ಕರೆದವು. ಪರದೆ ಕೊಡದೆ ನಿಲ್ಲಿಸಿದ ಮಗುವಿಗೆ ಧೈರ್ಯದ ಬಿರುದು ಪುಕ್ಕಟೆ ಅಲ್ಲವೇ ಮಾನ್ಯರೇ?

ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ ಎಂದು ಕೇಳಿದ್ದೇನೆ. ಬಟ್ಟೆಯ ವಿಚಾರ ನನಗೆ ಸ್ವಲ್ಪ ಗೊತ್ತು. ಅದು ತೀರಾ ತೆಳ್ಳನೆಯದು. ಯಾರು ಕಾರಿನಲ್ಲಿ ಬಂದರು, ಯಾರು ಬಸ್ಸಿನಲ್ಲಿ ಬಂದರು ಎಂಬುದು ಅದರಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಅಲ್ಲಿಂದ ಮುಂದೆ ನಾನು ಮನುಷ್ಯಳಾಗಿ ಉಳಿಯಲಿಲ್ಲ. ಆ ಡಾಕ್ಟರ ಹೆಂಡತಿಯ ಮೇಲೆ ಹೊಟ್ಟೆ ಉರಿಯಿತು. ಅವರ ಕಾರಿನ ಮೇಲೆ, ಹಿಂಬಾಗಿಲಿನ ಮೇಲೆ, ಅರ್ಜಿ ಹಾಕಬೇಕೆಂದು ಅವರ ಕಿವಿಗೆ ಹೇಳಿದ ವಕೀಲರ ಮೇಲೆ ಉರಿಯಿತು. ಕೊನೆಗೆ ಆ ಮಗುವಿನ ಮೇಲೂ ಉರಿಯಿತು. ಒಂದು ಮಧ್ಯಾಹ್ನ ಟಿವಿಯಲ್ಲಿ, ಸಾಕ್ಷಿ ಹನ್ನೊಂದು ಎರಡನೇ ದಿನ ಬಾಯಿಯೇ ಬಿಡಲಿಲ್ಲ, ಅವಳ ಸಾಕ್ಷ್ಯ ಅರ್ಧಕ್ಕೇ ನಿಂತಿದೆ ಎಂದು ಹೇಳಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸೋಫಾ ಇದ್ದರೇನಂತೆ, ಗೆದ್ದವಳು ನನ್ನ ಮಗಳೇ ಅಂದುಬಿಟ್ಟೆ, ಗಟ್ಟಿಯಾಗಿಯೇ. ಗುಂಡಿಯ ಡಬ್ಬ ಜೋಡಿಸುತ್ತಿದ್ದ ಮಗಳು ತಲೆ ಎತ್ತಿದಳು.

"ಅವಳು ನನ್ನ ಫ್ರೆಂಡಮ್ಮ," ಅಂದಳು.

ಡಬ್ಬವನ್ನು ಅಲ್ಲೇ ಬಿಟ್ಟು ಎದ್ದು ಹೊರಗೆ ಹೋದಳು. ಸಾಕ್ಷಿಗಳು ಪರಸ್ಪರ ಭೇಟಿಯಾಗಕೂಡದೆಂದು ಪೊಲೀಸರು ಹೇಳಿದ್ದರಿಂದ ಆ ಇಬ್ಬರು ಒಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ.

ಅದಾಗಿ ಹತ್ತು ದಿನಕ್ಕೆ ಡಾಕ್ಟರ ಹೆಂಡತಿಯೇ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಮಗಳ ಲಂಗ, ಅಂಚು ಬಿಚ್ಚಿ ಉದ್ದ ಮಾಡಬೇಕಂತೆ. ಲಂಗ ನೆಪ ಎಂದು ಗೊತ್ತಾಯಿತು. ಆದರೂ ಟೇಪು ಹಿಡಿದು ಅಳೆಯತೊಡಗಿದೆ. ಅವರು ಸ್ಟೂಲಿನ ಮೇಲೆ ಕೂತರು.

"ನಿಮ್ಮವಳು ಅಳ್ತಾಳಾ?" ಎಂದು ಕೇಳಿದರು.

"ಅಳ್ತಾಳೆ. ಬಸ್ಸಲ್ಲಿ ಯಾರಾದ್ರೂ ತಾಗಿದ್ರೂ ಅಳ್ತಾಳೆ," ಅಂದೆ, ಚುಚ್ಚಲೆಂದೇ.

"ನನಗೆ ನಿಮ್ಮನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ," ಅಂದರು. "ನನ್ನವಳು ಅಳೋದೇ ಇಲ್ಲ. ಆ ಕೊಠಡಿಯಿಂದ ಬಂದ ಮೇಲೆ ಮಾತೂ ಇಲ್ಲ. ಕ್ಯಾಮೆರಾದವರು ಗೇಟಲ್ಲೇ ಇರ್ತಾರೆ, ಕಿಟಕಿ ತೆಗೆದು ತಿಂಗಳುಗಳಾಯ್ತು. ಆವತ್ತು ಅವಳು ಒಳಗೆ ಕೇಳಿದ್ದು ಒಂದೇ ಮಾತು. ಅವಳೆಲ್ಲಿ, ಅವಳು ಯಾಕೆ ಬಂದಿಲ್ಲ ಅಂತ. ಯಾರೂ ಉತ್ತರ ಹೇಳಲಿಲ್ಲ."

ನನಗೆ ಅಳತೆ ತಪ್ಪಿತು. ಮತ್ತೆ ಅಳೆದೆ. ಯಾರೋ ನನ್ನನ್ನು ಕಂಡು ಕರುಬಬಹುದು ಎಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಇಬ್ಬರೂ ತಬ್ಬಿಕೊಂಡು ಅತ್ತೆವು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಹಾಗೇನೂ ಆಗಲಿಲ್ಲ. ಅವರ ಕಾರು ಬೀದಿಯಲ್ಲಿ ನಿಂತಿರುವುದನ್ನು ಕಂಡಾಗ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಆದರೆ ಆ ಮಗು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಈಗ ಆರೋಪಿಯ ವಕೀಲರ ಕೋರಿಕೆಯಂತೆ ಇಬ್ಬರು ಮಕ್ಕಳನ್ನೂ ಮರು ಪಾಟಿಸವಾಲಿಗೆ ಕರೆದಿದ್ದಾರೆ. ಮುಂದಿನ ಮಂಗಳವಾರ, ಒಂದೇ ದಿನ. ಈ ಸಲ ನಾನು ಮೊದಲೇ ಅರ್ಜಿ ಹಾಕಿದೆ, ನಮೂನೆಯಲ್ಲೇ ಹಾಕಿದೆ. ತಮ್ಮ ಕಚೇರಿಯ ಉತ್ತರ ಬಂದಿದೆ: ಕೊಠಡಿ ಒಂದೇ ಇರುವುದರಿಂದ ಪ್ರಕರಣದ ಮಹತ್ವಕ್ಕೆ ಅನುಗುಣವಾಗಿ ಆದ್ಯತೆ ನೀಡಲಾಗುವುದು, ಸಾಕ್ಷಿ ಹನ್ನೊಂದಕ್ಕೆ ಮಂಜೂರಾಗಿದೆ. ಪ್ರಕರಣವೂ ಒಂದೇ ಅಲ್ಲವೇ? ಸತ್ತವರೂ ಒಬ್ಬರೇ ಅಲ್ಲವೇ? ಹಾಗಿದ್ದರೆ ಮಹತ್ವ ಅಳೆದದ್ದು ಯಾವ ಟೇಪಿನಲ್ಲಿ?

ಉತ್ತರ ಓದಿ ಡಾಕ್ಟರ ಹೆಂಡತಿಗೆ ಫೋನ್ ಮಾಡಿದೆ. ಅವರು ತಮ್ಮ ಮಗಳ ಮಂಜೂರಾತಿ ಪತ್ರವನ್ನು ಲಿಖಿತವಾಗಿ ಹಿಂತಿರುಗಿಸಿದ್ದಾರೆ. ಅದು ನಿನ್ನೆ ತಮ್ಮ ಮೇಜಿಗೆ ಬಂದಿರಬೇಕು. ನನ್ನ ಮಗಳಿಗೂ ಅದೇ ಬಾಗಿಲು ತೆರೆಯದಿದ್ದರೆ ಅವರ ಮಗಳೂ ಪಡಸಾಲೆಯ ಬೆಂಚಿನ ಮೇಲೆ ಕೂರುತ್ತಾಳೆ, ಅದೂ ಮುಂಬಾಗಿಲಿನಿಂದ ಬಂದು. ಕ್ಯಾಮೆರಾದವರು ಅಂದು ಎಲ್ಲಿ ನಿಂತಿರುತ್ತಾರೆ ಎಂಬುದು ತಮಗೇ ಗೊತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮಂಗಳವಾರ ಬೆಳಿಗ್ಗೆ ಒಬ್ಬಳಿಗೆ, ಮಧ್ಯಾಹ್ನ ಇನ್ನೊಬ್ಬಳಿಗೆ ಆ ಕೊಠಡಿ ತೆರೆಯಿರಿ. ಸಮನ್ಸಿನ ಜೊತೆಗೇ ಅರ್ಜಿಯ ನಮೂನೆ ಮನೆಗೆ ಕಳಿಸಿ, ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ. ಯಾವ ಪತ್ರಿಕೆಯಲ್ಲೂ ಬಾರದ ಕೊಲೆಯನ್ನು ನೋಡಿದ ಮಗು ನಾಳೆ ಬಂದರೆ ಅದಕ್ಕೂ ತೆರೆಯಿರಿ. ಇಬ್ಬರ ಸಾಕ್ಷ್ಯವೂ ಮುಗಿದ ಮೇಲೆ, ಆ ಇಬ್ಬರಿಗೂ ಅರ್ಧ ಗಂಟೆ ಒಳಗೆ ಒಟ್ಟಿಗೆ ಕೂರಲು ಬಿಡಿ. ಕೊಲೆಯ ಮಾತು ಅವರು ಆಡಲಿಕ್ಕಿಲ್ಲ. ಆಡಿದರೂ ಅಷ್ಟರಲ್ಲಿ ತಮ್ಮ ದಾಖಲೆಗೆ ಬೇಕಾದದ್ದೆಲ್ಲ ಸಿಕ್ಕಿರುತ್ತದೆ.

ಇಂತಿ,
ಮಂಗಳವಾರ ಅಂಗಡಿ ಮುಚ್ಚಿ ಒಂಬತ್ತೂವರೆಗೇ ತಮ್ಮ ಬಾಗಿಲಲ್ಲಿ ನಿಂತಿರುವ,
ಒಬ್ಬ ಸಾಕ್ಷಿಯ ತಾಯಿ